ಧನುರ್ಮಾಸದ ಕಷಾಯದಲ್ಲಿ ಬೆರೆತದ್ದು

ಮಧುಗಿರಿ
ಕ್ರೋಧಿ ಸಂವತ್ಸರ, ಪುಷ್ಯ ಶುದ್ಧ ಸಪ್ತಮಿ, ಸೋಮವಾರ
6-1-2025

ಪ್ರೀತಿಯ ತಮ್ಮ ರೇಣುಕಪ್ರಸಾದನಿಗೆ,

ಅಣ್ಣ ಮಹಾಲಿಂಗಯ್ಯನು ಮನಸಾರೆ ಹರಸಿ ಬರೆಯುವ ಕಾಗದ. ಶಿವಕೃಪೆಯಿಂದ ನಾನೂ ನಿನ್ನ ಅತ್ತಿಗೆಯೂ ನಮ್ಮ ವಯಸ್ಸಿಗೆ ಒಪ್ಪುವಷ್ಟು ಸುಖವಾಗಿದ್ದೇವೆ. ವಳ್ಳೂರಿನಲ್ಲಿ ನೀನೂ ನಿನ್ನವರೂ ಹಾಗೆಯೇ ಇರುವಿರೆಂದು ನಂಬಿದ್ದೇನೆ. ಸೈನ್ಯದಲ್ಲಿ ಗಡಿಯನ್ನು ಕಾಯ್ದವನು ಈಗ ಸೌರಫಲಕಗಳನ್ನು, ಎಂದರೆ ಒಂದರ್ಥದಲ್ಲಿ ಸೂರ್ಯನಾರಾಯಣನನ್ನೇ, ಕಾಯುತ್ತಿದ್ದೀಯೆ. ಚಳಿಗಾಲದಲ್ಲಿ ಇದಕ್ಕಿಂತ ಉತ್ತಮವಾದ ಉದ್ಯೋಗ ಇನ್ನೊಂದಿರಲಾರದು.

ಕಾರ್ತಿಕದಲ್ಲಿ ನೀನು ಬಸ್ಸಿಗೆ ಹಾಕಿಸಿ ಕಳುಹಿಸಿದ ಕಡಲೆಕಾಯಿಯ ಮೂಟೆ ಕ್ಷೇಮವಾಗಿ ತಲುಪಿತು. ಇದನ್ನು ತಿಳಿಸಲು ಎರಡು ತಿಂಗಳು ತೆಗೆದುಕೊಂಡ ನನ್ನ ಆಲಸ್ಯವನ್ನು ಕ್ಷಮಿಸು. ಆಲಸ್ಯವೆಂದದ್ದೂ ಪೂರ್ಣ ಸತ್ಯವಲ್ಲ. ಮೂರು ಬಾರಿ ಲೇಖನಿ ಹಿಡಿದೆ. ಮೂರು ಬಾರಿಯೂ ‘ಕಡಲೆಕಾಯಿ ತಲುಪಿತು’ ಎಂಬಲ್ಲಿಗೆ ವಾಕ್ಯವೂ ಧೈರ್ಯವೂ ಒಟ್ಟಿಗೇ ಮುಗಿದುಹೋದವು. ಫೋನು ಮಾಡಬಹುದಿತ್ತು. ಆದರೆ ನಮ್ಮಿಬ್ಬರ ಫೋನಿನ ಸಂಭಾಷಣೆಯ ಸೊಗಸು ನಿನಗೆ ಗೊತ್ತೇ ಇದೆ: ನೀನೊಮ್ಮೆ ‘ಹೂಂ’ ಎನ್ನುವುದು, ನಾನೊಮ್ಮೆ ‘ಹೂಂ’ ಎನ್ನುವುದು, ಅನಂತರ ಉಪಕರಣವು ನಿನ್ನ ಅತ್ತಿಗೆಯ ಕೈಗೆ ಹೋಗುವುದು.

ಈ ಕಾಗದದ ಉದ್ದೇಶ ಒಂದೇ. ಬರುವ ಮಾಘ ಶುದ್ಧ ದಶಮಿ, ಫೆಬ್ರವರಿ ಏಳು, ಶುಕ್ರವಾರಕ್ಕೆ ಅಪ್ಪಾಜಿಯವರು ಲಿಂಗೈಕ್ಯರಾಗಿ ಮೂವತ್ತೊಂದು ವರ್ಷ. ಪ್ರತಿವರ್ಷವೂ ಸ್ಮರಣೆಗೆ ನೀನು ಬರುತ್ತೀಯೆ, ಉಣ್ಣುತ್ತೀಯೆ, ಜಗಲಿಯಲ್ಲಿ ಕುಳಿತು ಸಂಜೆಯ ಬಸ್ಸಿಗೆ ಹೊರಟುಬಿಡುತ್ತೀಯೆ. ಆ ವರ್ಷದಿಂದ ಈಚೆಗೆ ಒಂದು ದಿನವೂ ಈ ಮನೆಯಲ್ಲಿ ತಂಗಿದವನಲ್ಲ. ಈ ಸಲ ಬಂದು ಒಂದು ವಾರ ಇರಬೇಕು. ಹಾಗೆ ಕರೆಯುವ ಅರ್ಹತೆ ನನಗೆ ಉಳಿದಿದೆಯೇ ಎಂಬುದನ್ನು ಮುಂದಿನ ವೃತ್ತಾಂತವನ್ನು ಓದಿ ನೀನೇ ತೀರ್ಮಾನಿಸು. ನಗು ಬಂದರೆ ನಕ್ಕುಬಿಡು, ತಡೆಯಬೇಡ.

ಧನುರ್ಮಾಸದಲ್ಲಿ ಬೆಳಗಿನ ಆರು ಗಂಟೆಗೆ ನಮ್ಮ ಮನೆಯಲ್ಲಿ ಸಾಮೂಹಿಕ ಶಿವಪೂಜೆ ನಡೆಯುವುದು ನಿನಗೆ ತಿಳಿದದ್ದೇ. ಈ ವರ್ಷದ ಚಳಿ ಬಲು ಕ್ರೂರ. ಬೆಟ್ಟದ ಬಂಡೆಯೆಲ್ಲ ರಾತ್ರಿಯ ತಣ್ಪನ್ನು ಕುಡಿದು ಬೆಳಗಿನ ಹೊತ್ತಿಗೆ ನಮ್ಮ ಬೀದಿಯ ಮೇಲೆ ಉಸಿರು ಬಿಡುತ್ತದೆ. ಆದಕಾರಣ ಪೂಜೆಯ ಅನಂತರ ಬಂದವರಿಗೆಲ್ಲ ನನ್ನ ಕೈಯ ಕಷಾಯ. ಶುಂಠಿ, ಮೆಣಸು, ಹಿಪ್ಪಲಿ, ಲವಂಗ, ಚಕ್ಕೆ, ಏಲಕ್ಕಿ, ಒಂದಿಷ್ಟು ಜಾಯಿಕಾಯಿ. ಇವನ್ನು ಕುಟ್ಟಿ, ನೀರು ಅರ್ಧಕ್ಕೆ ಇಳಿಯುವಂತೆ ಕುದಿಸಿ, ಒಲೆಯಿಂದ ಇಳಿಸಿದ ಮೇಲೆಯೇ ಜೋನಿಬೆಲ್ಲವನ್ನು ಬೆರೆಸಬೇಕು. ಕುದಿಯುವಾಗ ಬೆರೆಸಿದರೆ ಬೆಲ್ಲದ ಗುಣ ಆವಿಯಾಗಿ ಹೋಗುತ್ತದೆಂಬುದು ನನ್ನ ಸಿದ್ಧಾಂತ. ಬೆಲ್ಲಕ್ಕೆ ಈ ಸಿದ್ಧಾಂತ ಅನ್ವಯಿಸುವುದೋ ಇಲ್ಲವೋ ಕಾಣೆ. ಈ ಬಾರಿ ಬೆರೆಸಿದ ಪದಾರ್ಥಕ್ಕಂತೂ ಅಕ್ಷರಶಃ ಅನ್ವಯಿಸಿತು.

ನಿನ್ನ ಅತ್ತಿಗೆ ತಂಗಿಯನ್ನು ನೋಡಿಬರಲು ಕೊಡಿಗೇನಹಳ್ಳಿಗೆ ಹೋಗಿದ್ದಳು. ನನಗೆ ಎಂಟು ದಿನದಿಂದ ನೆಗಡಿ. ಮೂಗು ಇದ್ದೂ ಇಲ್ಲದಂತೆ. ಅಟ್ಟದ ಮೇಲಿನ ಜೋನಿಬೆಲ್ಲದ ಪಿಂಗಾಣಿ ಭರಣಿಯನ್ನು ಇಳಿಸಿ ಸೌಟು ಅದ್ದಿದೆ. ಬೆಲ್ಲ ನೀರು ನೀರಾಗಿತ್ತು. ಅಂಗಡಿಯವನು ಹಾಳು ಕಲಬೆರಕೆ ಮಾಡಿದ್ದಾನೆಂದು ಮನಸ್ಸಿನಲ್ಲೇ ಬೈದುಕೊಂಡು, ಸಿಹಿ ಸಾಲದೆ ಹೋದೀತೆಂದು ಎರಡು ಸೌಟಿನ ಬದಲು ಆರು ಸೌಟು ಸುರಿದೆ. ಆ ಭರಣಿಯಲ್ಲಿದ್ದುದು ಕೊರಟಗೆರೆಯಲ್ಲಿ ನಮ್ಮ ಸೋದರತ್ತೆಯ ಮೊಮ್ಮಗಳು ಪ್ರಿಯಾಂಕಳ ಮದುವೆಯ ದಿನ ನೀನು ‘ಅತ್ತಿಗಮ್ಮ, ಮಂಡಿಗೆ ಹಚ್ಚಿ ಉಜ್ಜಿ’ ಎಂದು ಮಿಲಿಟರಿ ಕ್ಯಾಂಟೀನಿನಿಂದ ತಂದುಕೊಟ್ಟ ಎರಡು ಬಾಟಲಿ ರಮ್ ಎಂಬುದನ್ನು ನಾನು ಆಗ ಅರಿತಿರಲಿಲ್ಲ. ಬಾಟಲಿ ನನ್ನ ಕಣ್ಣಿಗೆ ಬೀಳಬಾರದೆಂದು ಆಕೆ ಅದನ್ನು ಬರಿದಾದ ಭರಣಿಗೆ ಬಗ್ಗಿಸಿಟ್ಟಿದ್ದಳು.

ಕರಸ್ಥಲದ ಇಷ್ಟಲಿಂಗಕ್ಕೆ ಅರ್ಪಿಸದೆ ಒಂದು ಹನಿ ನೀರೂ ನನ್ನ ಗಂಟಲಿಗೆ ಇಳಿಯುವುದಿಲ್ಲ. ಕಷಾಯವನ್ನೂ ಅರ್ಪಿಸಿದೆ. ಬಳಿಕ ನಾನು ಒಂದು ಲೋಟ ಸೇವಿಸಿ ಉಳಿದವರಿಗೆ ಹಂಚಿದೆ.

ರೇಣುಕ, ಪಾದದಿಂದ ನೆತ್ತಿಯವರೆಗೆ ಒಂದು ಪ್ರಸನ್ನತೆ ಏರಿತು. ಎಂಟು ದಿನದ ಮೂಗು ಒಂದೇ ಗಳಿಗೆಯಲ್ಲಿ ತೆರೆಯಿತು. ನಲವತ್ತು ವರ್ಷದಿಂದ ನನಗೆ ಬಿಡಿಸಲಾಗದಿದ್ದ ಒಂದು ಶ್ಲೋಕದ ಅರ್ಥ ನಿಚ್ಚಳವಾಗಿ ಹೊಳೆಯಿತು. ಎಲ್ಲರಿಗೂ ವಿವರಿಸಿದೆ, ಎಲ್ಲರೂ ತಲೆದೂಗಿದರು. ಮಧ್ಯಾಹ್ನ ಬರೆದಿಡೋಣವೆಂದು ಕುಳಿತರೆ ಅರ್ಥವೂ ಇಲ್ಲ, ಅದು ಯಾವ ಶ್ಲೋಕವೆಂಬ ನೆನಪೂ ಇಲ್ಲ.

ಪರ್ವತಯ್ಯನವರು ನಿನಗೆ ಗೊತ್ತು. ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಸಹಸ್ರನಾಮವನ್ನು ಕಡತದ ಸಂಖ್ಯೆಗಳಂತೆ ಓದುವವರು. ಅವರು ಲೋಟವನ್ನು ಬರಿದು ಮಾಡಿ, ಕಣ್ಣು ಮುಚ್ಚಿ, “ಪಂಡಿತರೇ, ಪ್ರಸಾದ ಇನ್ನೊಂದ್ ಲೋಟ” ಎಂದರು. ಅನಂತರ ಅದೇ ಸಹಸ್ರನಾಮವನ್ನು ರಾಗವಾಗಿ, ತೊಡೆಯ ಮೇಲೆ ತಾಳ ಹಾಕುತ್ತ ಹಾಡಿದರು. ಹಿತ್ತಲ ಗೋಡೆಯ ವಿವಾದದಿಂದ ಆರು ವರ್ಷ ಅವರೊಡನೆ ಮಾತು ಬಿಟ್ಟಿದ್ದ ಜವಳಿ ಅಂಗಡಿಯ ಜಯರಾಮಯ್ಯನವರು ಎದ್ದುಬಂದು ಅವರ ಕೈ ಹಿಡಿದು, “ಗೋಡೆ ನಿಂದೇ ಕಣಯ್ಯ, ತಗೋ” ಎಂದರು. “ಇಲ್ಲ ಇಲ್ಲ, ನಿಂದೇ” ಎಂದು ಪರ್ವತಯ್ಯನವರು. ಈಗ ಆ ಗೋಡೆ ಯಾರಿಗೂ ಬೇಡವಾಗಿದೆ. ಹೂವಿನ ದಾಸಮ್ಮ ಒಂದು ಮೊಳ ಕನಕಾಂಬರ ಕೊಡುವಲ್ಲಿ ಇಡೀ ಕುಕ್ಕೆಯನ್ನೇ ಬಿಟ್ಟುಹೋದಳು.

ಇದೆಲ್ಲವೂ ನನ್ನ ಕಷಾಯದ ಮಹಿಮೆಯೆಂದೇ ನಾನು ತಿಳಿದೆ. ತೆರೆದ ಮೂಗಿಗೆ ವಾಸನೆಯೇನೋ ಬರುತ್ತಿತ್ತು. ಹಳೆಯ ಬೆಲ್ಲ ಹುಳಿತಿರಬೇಕೆಂದು ಸಮಾಧಾನ ಮಾಡಿಕೊಂಡೆ. ಐದು ದಿನ ಹೀಗೆ ನಡೆಯಿತು. ಮೊದಲ ದಿನ ಐವರಿದ್ದ ಭಕ್ತಸಮೂಹ ಐದನೆಯ ದಿನಕ್ಕೆ ಹನ್ನೊಂದಾಯಿತು. ಕೆಲವರು ಮನೆಯಿಂದಲೇ ಲೋಟ ತಂದಿದ್ದರು. ಲೋಟಗಳ ಗಾತ್ರವೂ ದಿನದಿನಕ್ಕೆ ವೃದ್ಧಿಯಾಗುತ್ತಿತ್ತು. ಜನರಲ್ಲಿ ಧರ್ಮಶ್ರದ್ಧೆ ಮರಳುತ್ತಿದೆಯೆಂದು ನಾನು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಆ ಪುಟವನ್ನು ಹರಿದುಹಾಕಿಲ್ಲ. ನೀನು ಬಂದಾಗ ತೋರಿಸುವೆ.

ಐದನೆಯ ದಿನ, ಎಲ್ಲರೂ ಹೋದ ಮೇಲೆ, ನಿನ್ನ ಅತ್ತಿಗೆ ಮೊದಲ ಬಸ್ಸಿಗೆ ಬಂದಿಳಿದಳು. ಚಳಿಗೆ ಮಂಡಿ ಹಿಡಿದಿದ್ದರಿಂದ ನೇರವಾಗಿ ಭರಣಿಗೇ ಕೈಹಾಕಿದಳು.

“ಏನೂಂದ್ರೆ, ಭರಣೀಲಿದ್ದಿದ್ದು ಏನಾಯ್ತು?”

“ಮುಗಿಯಿತು. ಬೆಲ್ಲ ಬಹಳ ನೀರಾಗಿತ್ತು. ಆ ಅಂಗಡಿಯವನಿಗೆ ಒಂದು ಮಾತು ಹೇಳಬೇಕು.”

“ಬೆಲ್ಲ ಯುಗಾದಿಗೇ ಮುಗ್ದೋಗಿತ್ತು ಕಣ್ರೀ! ಅದು ನನ್ ಮಂಡಿ ಔಷ್ದಿ. ರೇಣುಕ ಕೊಟ್ಟಿದ್ ರಮ್ಮು!”

ನಾನು ಬರಿದಾದ ಭರಣಿಯನ್ನು ಬಗ್ಗಿಸಿ ಮೂಸಿ ನೋಡಿದೆ.

“ಎಲ್ಲಾನೂ ಕುಡುದ್ಬುಟ್ರಾ?”

“ನಾನೊಬ್ಬನೇ ಅಲ್ಲ.”

“ಇನ್ಯಾರು?”

“ಪರ್ವತಯ್ಯನವರು, ಜಯರಾಮಯ್ಯನವರು, ದಾಸಮ್ಮ... ಒಟ್ಟು ಹನ್ನೊಂದು ಜನ.”

“ಬೆಳಿಗ್ಗೆ ಆರ್ ಗಂಟೆಗಾ?”

“ಏಳಾಗಿತ್ತು. ಪೂಜೆ ಮುಗಿದ ಮೇಲೆ.”

ಆಕೆ ಹೊಸಿಲ ಮೇಲೆ ಕುಳಿತು, ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಮಂಡಿನೋವು ಮರೆತುಹೋಯಿತೆಂದು ತೋರುತ್ತದೆ. ನನಗಾದರೋ ಒಂದು ಗಂಭೀರ ಸಮಸ್ಯೆ ಎದುರಾಗಿತ್ತು. ಪಾತ್ರೆಯಲ್ಲಿ ಇನ್ನೂ ಮೂರು ಲೋಟ ಕಷಾಯ ಉಳಿದಿತ್ತು, ಮತ್ತು ಅದು ಲಿಂಗಕ್ಕೆ ಅರ್ಪಿತವಾಗಿತ್ತು. ಅರ್ಪಿತವಾಗುವವರೆಗೆ ಅದು ಪದಾರ್ಥ. ಅರ್ಪಿತವಾದ ಮೇಲೆ ಪ್ರಸಾದ. ಪ್ರಸಾದದ ಒಂದು ಹನಿಯನ್ನೂ ಚೆಲ್ಲುವಂತಿಲ್ಲ. ಇದನ್ನೆಲ್ಲ ನಿನ್ನ ಅತ್ತಿಗೆಗೆ ಆಧಾರಸಹಿತವಾಗಿ ನಿರೂಪಿಸಿದೆ.

ಆಕೆ ನಗುವುದನ್ನು ನಿಲ್ಲಿಸಿ ಕೇಳಿದಳು: “ಲಿಂಗಕ್ಕೆ ತೋರ್ಸಿದ್ಮೇಲೆ ಅದು ರಮ್ಮಲ್ಲ, ಪ್ರಸಾದ. ಅಂಗೇ ತಾನೆ?”

“ಹೌದು.”

“ಅಂಗಾದ್ರೆ ಅವತ್ತು ಮಾವನೋರ ಕೈಲಿದ್ದ ಲೋಟಾನ ಯಾಕೆ ಕಿತ್ಕಂಡು ಬಚ್ಚಲಿಗೆ ಸುರುದ್ರಿ? ಮಾವನೋರೂ ಲಿಂಗಕ್ಕೆ ತೋರ್ಸೇ ಬಾಯಿಗಿಟ್ಟಿದ್ರಲ್ಲ. ನಾನು ಬಾಗ್ಲಲ್ಲೇ ನಿಂತಿದ್ದೆ.”

ಮೂವತ್ತೆಂಟು ವರ್ಷ ಶಾಲೆಯಲ್ಲಿ ಪಾಠ ಹೇಳಿದವನು ಅಂದು ಹೊಸಿಲ ಬಳಿ ಪಾಠ ಕಲಿತೆ, ರೇಣುಕ. ಆಕೆ ಹೇಳಿದ ದಿನ ನಿನಗೂ ನೆನಪಿರುತ್ತದೆ. ನೀನು ರಜೆಯ ಮೇಲೆ ಬಂದಿದ್ದೆ. ಅಪ್ಪಾಜಿಗೆ ಎದೆ ಕಟ್ಟಿ ಕೆಮ್ಮು. ನೀನು ಬಿಸಿನೀರಿಗೆ ಮೆಣಸು, ಲವಂಗ, ಬೆಲ್ಲ ಹಾಕಿ, ಸೈನ್ಯದಲ್ಲಿ ಕಲಿತಂತೆ ಎರಡು ಮುಚ್ಚಳ ರಮ್ ಬೆರೆಸಿ ಕೊಟ್ಟೆ. ಅಪ್ಪಾಜಿ ಅರ್ಧ ಕುಡಿದಿದ್ದರು. ನಾನು ಮಿಕ್ಕದ್ದನ್ನು ಚೆಲ್ಲಿದೆ; ಜಗಲಿಗೆ ಬಂದು ‘ಅಪ್ಪಾಜಿಗೆ ನಿನ್ನ ಮುಖ ನೋಡಲೂ ಇಷ್ಟವಿಲ್ಲ, ಹೊರಡು’ ಎಂದೆ. ನೀನು ಅಂದೇ ಹೊರಟೆ. ನಾಲ್ಕನೆಯ ದಿನ ಅವರು ಲಿಂಗೈಕ್ಯರಾದರು. ಮಡಿವಂತಿಕೆಯ ಭರದಲ್ಲಿ ನಾನು ಬಚ್ಚಲಿಗೆ ಸುರಿದದ್ದು ಪ್ರಸಾದವನ್ನು. ಇಷ್ಟು ಸರಳವಾದ ಸಂಗತಿಯನ್ನು ತಿಳಿಯಲು ನನಗೆ ಮೂವತ್ತೊಂದು ವರ್ಷವೂ ಒಂದು ನೆಗಡಿಯೂ ಬೇಕಾದವು.

ಆ ಮೂರು ಲೋಟಗಳ ಗತಿಯೇನೆಂದು ನೀನು ಕೇಳುವೆ. ಚೆಲ್ಲಲಿಲ್ಲ. ಒಂದನ್ನು ನಿನ್ನ ಅತ್ತಿಗೆ ಭಕ್ತಿಯಿಂದ ಸ್ವೀಕರಿಸಿದಳು. ಎರಡು ನನ್ನ ಪಾಲಿಗೆ ಬಂದವು. ಆ ದಿನ ನಾನು ಮಧ್ಯಾಹ್ನ ನಾಲ್ಕರವರೆಗೆ ಮಲಗಿದ್ದೆ. ಆ ಔಷಧಿಯನ್ನು ಮಂಡಿಗೆ ಹೊರಗಿನಿಂದ ಹಚ್ಚುವುದಕ್ಕಿಂತ ಒಳಗಿನಿಂದ ಕೊಡುವುದೇ ಗುಣಕಾರಿಯೆಂದು ಆಕೆಯ ಅಭಿಪ್ರಾಯ.

ಮರುದಿನ ಪೂಜೆಯ ಬಳಿಕ ಎಲ್ಲರ ಮುಂದೆ ಕೈಮುಗಿದು ನಿಂತು, ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿ ಕ್ಷಮೆ ಬೇಡಿದೆ. ಕಲ್ಲು ಬೀಳಬಹುದೆಂದು ಎಣಿಸಿದ್ದೆ. ಯಾರೂ ಬೆಚ್ಚಲಿಲ್ಲ. ಪರ್ವತಯ್ಯನವರು ಶಾಲು ಸರಿಪಡಿಸಿಕೊಂಡು, “ಮೊದಲ್ನೇ ಗುಟುಕಿಗೇ ಗೊತ್ತಾಯ್ತು ಪಂಡಿತರೇ” ಎಂದರು.

“ಗೊತ್ತಾಗಿಯೂ ಸುಮ್ಮನಿದ್ದಿರಾ?”

“ಪ್ರಸಾದ ಅಂತ ಕೊಟ್ರಿ. ಬ್ಯಾಡ ಅನ್ನಕ್ಕಾಗ್ತದಾ?”

ಜಯರಾಮಯ್ಯನವರು, “ನೀವೇ ಹಾಕಿದ್ಮೇಲೆ ಶಾಸ್ತ್ರದಲ್ಲಿ ಎಲ್ಲೋ ಐತೇನೋ ಅನ್ಕೊಂಡ್ವಿ” ಎಂದರು. ದಾಸಮ್ಮನಂತೂ ಸೊಂಟದ ಮೇಲೆ ಕೈಯಿಟ್ಟು, “ನಂಗ್ ಗೊತ್ತಾಗಲ್ವಾ ಐನೋರೆ? ನಮ್ ಯಜಮಾನ ಮೂವತ್ತೊರ್ಷದಿಂದ ಇದೇ ವಾಸ್ನೇಲಿ ಸಂಸಾರ ಮಾಡವ್ನೆ. ಆದ್ರೆ ಆವಯ್ಯ ಕುಡುದ್ರೆ ಬೈತಾನೆ, ನೀವು ಕುಡುದ್ರೆ ಶ್ಲೋಕ ಹೇಳ್ತೀರ. ಅದ್ಕೇ ಸುಮ್ಕಿದ್ದೆ ಕಣ್ರಪ್ಪ” ಎಂದಳು.

ಅಂದಿನಿಂದ ಶುದ್ಧ ಜೋನಿಬೆಲ್ಲದ ಕಷಾಯವೇ ಎಂದು ಘೋಷಿಸಿದೆ. ಮರುದಿನ ಪೂಜೆಗೆ ಬಂದವರು ಮೂವರು. ಅವರಲ್ಲೊಬ್ಬರು ದಾರಿ ತಪ್ಪಿ ಬಂದವರು.

ಇನ್ನು ನಿನಗೆ ಮಾಡುವ ಬಿನ್ನಹ. ನೀನು ಬಾ. ಅಂಗಳದಲ್ಲಲ್ಲ, ಜಗಲಿಯಲ್ಲಲ್ಲ, ನನ್ನ ಅಡುಗೆಮನೆಯಲ್ಲಿ ಕುಳಿತು ನಿನ್ನ ಸೈನ್ಯದ ಕಷಾಯವನ್ನು ನೀನು ಮಾಡಿಕೊಳ್ಳಬಹುದು. ಮಸಾಲೆಯನ್ನು ನಾನೇ ಕುಟ್ಟಿಕೊಡುತ್ತೇನೆ. ಅಳತೆ ನನಗೀಗ ಅನುಭವಸಿದ್ಧ: ನೀರು ಮರಳಿ ಅರ್ಧವಾಗಲಿ, ಮೆಣಸು ತರಿತರಿಯಾಗಿರಲಿ, ನುಣುಪು ಬೇಡ, ಲವಂಗ ಎರಡಕ್ಕೆ ಮೀರಿದರೆ ನಾಲಿಗೆ ಜಡವಾಗುವುದು, ಕೊನೆಯ ಪದಾರ್ಥವನ್ನು ಇಳಿಸಿದ ಮೇಲೆಯೇ ಬೆರೆಸಬೇಕು, ಆರು ಸೌಟು ಮಾತ್ರ ಕೂಡದು. ನಾನು ಕುಡಿಯುವೆನೆಂದು ಮಾತು ಕೊಡಲಾರೆ. ನನ್ನದು ಬೆಲ್ಲದ ಕಷಾಯ, ನಿನ್ನದು ನಿನ್ನದು. ಆದರೆ ನಿನ್ನ ಪಕ್ಕದಲ್ಲಿ ಕೂರುತ್ತೇನೆ, ಮತ್ತು ನಿನ್ನ ಲೋಟಕ್ಕೆ ಈ ಜನ್ಮದಲ್ಲಿ ಇನ್ನು ಕೈಹಾಕುವುದಿಲ್ಲ.

ನಿನಗೂ ನಿನ್ನ ಮನೆಯವರಿಗೂ ಆ ಶಿವನು ಆಯುರಾರೋಗ್ಯವನ್ನೂ, ಅಣ್ಣನನ್ನು ಸಹಿಸುವ ತಾಳ್ಮೆಯನ್ನೂ ಹೇರಳವಾಗಿ ಕೊಡಲಿ. ನಿನ್ನ ಅತ್ತಿಗೆ ಆಶೀರ್ವಾದದೊಡನೆ ಒಂದು ಮಾತು ಸೇರಿಸಲು ಹೇಳಿದ್ದಾಳೆ: ಬರುವಾಗ ಮಂಡಿಯ ಔಷಧಿಯನ್ನು ಮರೆಯದೆ ತರಬೇಕಂತೆ.

ಇತಿ ನಿನ್ನ ಅಣ್ಣ,
ಮಹಾಲಿಂಗಯ್ಯ

ತಾ.ಕ.: ಕಾಗದವನ್ನು ಮಡಿಸಿ ಮತ್ತೆ ಬಿಡಿಸಿದ್ದೇನೆ. ಅಪ್ಪಾಜಿಯ ಸಮಾಧಿಯ ಬಳಿ ನೀನು ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದೆ: ‘ಅಪ್ಪಾಜಿ ನನ್ನನ್ನ ಕೇಳಿದ್ರಾ ಅಣ್ಣಯ್ಯ?’ ಇಲ್ಲವೆಂದೆ. ಅದು ಸುಳ್ಳು. ಜಗಲಿಯಲ್ಲಿ ಅವರ ಹೆಸರಿನಲ್ಲಿ ಹೇಳಿದ್ದೂ ಸುಳ್ಳು. ಅವರು ಹಾಗೆ ಅಂದಿರಲೇ ಇಲ್ಲ. ನೀನು ಹೋದ ಮೇಲೆ ನನ್ನನ್ನು ಕರೆದು, “ಎದೆ ಬೆಚ್ಚಗಾಯ್ತು ಕಣಪ್ಪ. ಚಿಕ್ಕೋನೆಲ್ಲಿ? ಇನ್ನೊಂಚೂರು ಮಾಡ್ಕೊಡಕ್ಕೇಳು” ಎಂದರು. ಅವನಿಗೆ ರಜೆ ಮುಗಿಯಿತು, ಹೊರಟುಹೋದ ಎಂದೆ. ನಿನ್ನ ರಜೆ ಇನ್ನೂ ಹನ್ನೊಂದು ದಿನವಿತ್ತು. ಮರೆತು ಮರೆತು ದಿನವೂ ಕೇಳಿದರು. ನಾಲ್ಕು ದಿನವೂ ನಾನು ಅದನ್ನೇ ಹೇಳಿದೆ.