ಹದಿನೈದು ನಿಮಿಷ ತೆರೆಯುವ ಪುಟ

ಆಗಸ್ಟ್ 6, ಮಂಗಳವಾರ. ಬೆಳಿಗ್ಗೆ 6.10

ಸಭಾಭವನ ಗುಡಿಸಿ ಆಯಿತು. ಎಡೆಯ ಗರಿಬುಟ್ಟಿಗಳನ್ನೂ ಇಟ್ಟಾಯಿತು — ಬಾಗಿಲಿಗೆ, ಒಲೆಗೆ, ಜಾಗಟೆಗಳ ಕೋಣೆಗೆ, ಕಚೇರಿಯ ಮೇಜಿಗೆ. ಹೂವು, ನಾಲ್ಕು ಅಕ್ಕಿ ಕಾಳು, ಊದುಬತ್ತಿ. ಬಾಟೂರ್ ಬೆಟ್ಟದ ಕಡೆಯಿಂದ ಚಳಿಗಾಳಿ. ಬೆರಳು ಬಗ್ಗುತ್ತಿಲ್ಲ.

ಕಚೇರಿಯಲ್ಲಿ ಊರಿನ ವೆಬ್‌ಸೈಟ್ ತೆರೆದೆ. ನನ್ನ ಕಥೆಯ ಹದಿನೇಳನೆಯ ಕಂತು ಇವತ್ತು ಹಾಕಬೇಕು. ಹಡಗಿನಲ್ಲಿ ಅಡುಗೆ ಮಾಡುವ ನಮ್ಮೂರಿನವನೊಬ್ಬ ಕೆಳಗೆ ಬರೆದಿದ್ದಾನೆ — ‘ದೋಣಿಯವಳು ದಡ ಸೇರಿದಳಾ? ಈ ವಾರ ಹೇಳಲೇಬೇಕು.’ ಯಾರೋ ತಿಳಿಯದು. ನಾನು ಯಾರೆಂದು ಅವನಿಗೂ ತಿಳಿಯದು. ಅಲ್ಲಿ ನನ್ನ ಹೆಸರು ‘ದೇವಕಣಗಿಲೆ’.

6.25 — ಅರ್ಧ ಟೈಪ್ ಮಾಡಿದ್ದೆ. ಪುಟ ಹೋಯಿತು. ಬಿಳಿ ಪರದೆ, ನಡುವೆ 503. ಮೂಲೆಯ ಸರ್ವರ್ ಪೆಟ್ಟಿಗೆಯ ಹಸಿರು ದೀಪ ಆರಿದೆ.

11.30 — ಗುಂಡಿ ಒತ್ತಿದೆ. ದೀಪ ಬಂತು. ನಾಲ್ಕೇ ನಿಮಿಷ. ಮತ್ತೆ 503.

ಆಗಸ್ಟ್ 7, ಬುಧವಾರ

6.05ಕ್ಕೆ ತೆರೆಯಿತು. 6.19ಕ್ಕೆ ಹೋಯಿತು. ಮಧ್ಯಾಹ್ನ 12.30ಕ್ಕೆ ಎರಡು ನಿಮಿಷ.

ಸುತಮ ಬ್ಲಿ ಬಂದು ಪೆಟ್ಟಿಗೆಯ ಮುಂದೆ ಕುಳಿತರು. ಊರ ಕಚೇರಿಯ ಗುಮಾಸ್ತರು. ಸೈಟ್ ಅವರದೇ ಕೈಕೆಲಸ, ಪೆಟ್ಟಿಗೆ ಯಾವುದೋ ಹೋಟೆಲಿನವರು ಬೇಡವೆಂದು ಕೊಟ್ಟದ್ದು. ಬ್ಲಿ ಎಂದರೆ ಅಣ್ಣ; ನನಗೆ ಸ್ವಂತ ಅಣ್ಣನಲ್ಲ, ಆದರೆ ಊರಿಗೆಲ್ಲ ಬ್ಲಿ.

503 ಎಂದರೇನೆಂದು ಕೇಳಬೇಕೆಂದಿದ್ದೆ. ಕೇಳದೆ ಲೋಟ ಒರೆಸುತ್ತ ನಿಂತೆ. ಅಲ್ಲೇ ಇದ್ದ ಗುಡಿಯ ಅರ್ಚಕರು ರೇನಾ ಅಜ್ಜನೇ ಕೇಳಿದರು.

"ಸೈಟಿನ ಮುಂಬಾಗಿಲು ಡೆನ್ಪಸಾರ್ ಪಟ್ಟಣದಲ್ಲಿದೆ ಅಜ್ಜ, ಮನೆ ಇಲ್ಲಿ, ಈ ಪೆಟ್ಟಿಗೇಲಿ. ಜನ ಅಲ್ಲಿ ಬಾಗಿಲು ತಟ್ತಾರೆ, ಇಲ್ಲಿಂದ ಯಾರೂ ಎದ್ದು ಬರಲ್ಲ. ಅದಕ್ಕೇ ಅವರು 503 ಅಂತ ಬೋರ್ಡು ತಗಲಾಕ್ತಾರೆ."

"ನನ್ನ ಸೊಸೇನೂ ಹಂಗೇ," ಎಂದರು ಅಜ್ಜ.

ಬ್ಲಿ ನಗಲಿಲ್ಲ. "ಮೊನ್ನೆ ಲೋಹದ ಹಬ್ಬದಲ್ಲಿ ಇದಕ್ಕೆ ತೀರ್ಥ ಎರಚಿದ್ರಲ್ಲ. ಎಷ್ಟು ಎರಚಿದ್ರಿ?"

"ನಿನ್ನ ಬೈಕಿಗೆ ಎಷ್ಟೋ ಅಷ್ಟೇ."

"ಬೈಕು ಮಳೇಲೂ ನೆನೆಯುತ್ತೆ ಅಜ್ಜ. ಇದು ಕಂಪ್ಯೂಟರು."

ಅಜ್ಜ ತಲೆವಸ್ತ್ರ ಸರಿಮಾಡಿಕೊಂಡು ಹೊರಟುಹೋದರು. ಊದುಬತ್ತಿ ಇನ್ನೂ ಉರಿಯುತ್ತಿತ್ತು.

ಆಗಸ್ಟ್ 13, ಮಂಗಳವಾರ

ಬರೆಯಲು ಮನಸ್ಸಾಗಿರಲಿಲ್ಲ. ಹೊತ್ತು ಮಾತ್ರ ಗುರುತು ಹಾಕಿಕೊಂಡಿದ್ದೇನೆ. ಶುಕ್ರವಾರ ಬೆಳಿಗ್ಗೆ 13 ನಿಮಿಷ. ಭಾನುವಾರ ನಡು ಮಧ್ಯಾಹ್ನ 2. ಸೋಮವಾರ ಬೆಳಿಗ್ಗೆ 12.

ಪೆಟ್ಟಿಗೆ ತಾನೇ ಬರೆದಿಡುವ ಲಾಗ್ ಅನ್ನು ಬ್ಲಿ ಓದಿದರು. ಏನೇನೋ ತೆಗೆದು ಏನೇನೋ ಹಾಕಿದರು. ಇವತ್ತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು — "ನೀರು ಹೋಗಿ ಒಳಗೆ ಎಲ್ಲಾ ಕೆಟ್ಟಿದೆ ಕಣಯ್ಯ. ಶುಕ್ರವಾರ ಸಂಜೆ ಫಾರ್ಮ್ಯಾಟ್ ಮಾಡ್ತೀನಿ. ಹದಿನೇಳನೇ ತಾರೀಕು ಸ್ವಾತಂತ್ರ್ಯದ ಬಾವುಟ ಹಾರಿಸೋ ಹೊತ್ತಿಗೆ ಸೈಟ್ ಬೇಕು, ಹಡಗಲ್ಲಿ ಕೆಲಸಕ್ಕಿರೋ ನಮ್ಮೂರೋರೆಲ್ಲ ನೋಡ್ತಾರೆ... ಹಳೇದಾ? ಹಳೇದೆಲ್ಲ ಹೋಗುತ್ತೆ. ಕಾಪಿ ಮಾಡೋಕೆ ಹೋದ್ರೆ ಅರ್ಧದಲ್ಲೇ ಸಾಯುತ್ತೆ."

ಹದಿನಾರು ಕಂತು. ಬೇರೆಲ್ಲೂ ಇಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು, ಕಸ ಗುಡಿಸುವ ಕೊಮಾಂಗ್, ಬರೆದದ್ದೆಂದು ಯಾರಿಗೂ ತಿಳಿಯಬಾರದು. ಹಾಗೆಂದೇ ಕಚೇರಿಯಲ್ಲೇ ಟೈಪ್ ಮಾಡಿ ಅಲ್ಲೇ ಬಿಟ್ಟು ಬರುತ್ತಿದ್ದೆ. ಕಾಗದದ ಮೇಲೆ ಒಂದು ಸಾಲೂ ಇಲ್ಲ.

ಆಗಸ್ಟ್ 14, ಬುಧವಾರ. 6.30

ಹಿಂದಿನ ಪುಟಗಳನ್ನು ತಿರುವಿದೆ. ಬೆಳಿಗ್ಗೆ 15, 14, 13, 12. ಮಧ್ಯಾಹ್ನ 4, 2, 2. ತಣ್ಣಗಿದ್ದಾಗ ಹೆಚ್ಚು ಹೊತ್ತು. ಬಿಸಿಲೇರಿದರೆ ಕಡಿಮೆ. ಅಪ್ಪನ ಹಳೆಯ ಬೈಕ್ ಏರಿನಲ್ಲಿ ನಿಲ್ಲುತ್ತಿದ್ದದ್ದೂ ಹೀಗೆಯೇ.

ಪೆಟ್ಟಿಗೆ ಓಡುತ್ತಿರುವಾಗಲೇ ಮೇಲೆ ಕೈ ಇಟ್ಟು ನೋಡಿದೆ. ಜ್ವರ ಬಂದ ಮಗುವಿನ ಬೆನ್ನಿನ ಹಾಗೆ ಸುಡುತ್ತಿತ್ತು. ಫ್ಯಾನಿನ ಸದ್ದೇ ಇಲ್ಲ.

ಬಗ್ಗಿ ಹಿಂದೆ ನೋಡಿದೆ. ನೋಡುವ ಮೊದಲೇ ಗೊತ್ತಾಗಿತ್ತು.

ಪೆಟ್ಟಿಗೆಯ ಹತ್ತಿರ ತಿನ್ನುವುದೇನೂ ಇಡಬೇಡ, ಎಡೆ ಇಡುವುದಾದರೆ ಮೇಜಿನ ಮೇಲಿಡು ಎಂದು ಬ್ಲಿ ಮೊದಲೇ ಹೇಳಿದ್ದರು. ಆದರೆ ನನ್ನ ಕಥೆ ಇರುವುದು ಮೇಜಿನಲ್ಲಲ್ಲ. ಏಳನೆಯ ಕಂತಿನಿಂದ ಕಂತಿಗೊಂದು ಗರಿಬುಟ್ಟಿಯನ್ನು ಗೋಡೆಗೂ ಪೆಟ್ಟಿಗೆಗೂ ನಡುವೆ, ಗಾಳಿಯ ತೂತುಗಳ ಬಳಿ, ಯಾರಿಗೂ ಕಾಣದ ಹಾಗೆ ತುರುಕುತ್ತಿದ್ದೆ. ತಾಳೆಬೆಲ್ಲದ ಅಕ್ಕಿತಿಂಡಿಯ ಚೂರು ಇಟ್ಟು. ಮರುದಿನ ತೆಗೆಯಬೇಕು. ತೆಗೆಯಲು ಹೋದರೆ ಯಾರಾದರೂ ನೋಡುತ್ತಾರೆ... ಹತ್ತು ಬುಟ್ಟಿ ಒಣಗಿ ಬಿದ್ದಿವೆ.

ಇರುವೆಗಳು ಸಾಲಾಗಿ ತೂತಿನೊಳಗೆ ಹೋಗುತ್ತಿವೆ. ಬಾಯಲ್ಲಿ ಬಿಳಿ ಮೊಟ್ಟೆ. ಅವಸರವಿಲ್ಲ. ಮನೆಗೆ ಹೋಗುವವರ ಹಾಗೆ.

ಆಗಸ್ಟ್ 15, ಗುರುವಾರ

ಮೂರು ಸಲ ಬ್ಲಿಯ ಮೇಜಿನವರೆಗೆ ಹೋದೆ. ಮೂರು ಸಲವೂ ಕಾಫಿ ಕೊಟ್ಟು ಬಂದೆ.

"ಮಾಂಗ್, ಇವತ್ತೇನು ನನ್ನ ನಿದ್ದೆ ಕೆಡಿಸೋ ಹರಕೆ ಹೊತ್ತಿದ್ದೀಯಾ?"

"ಸಕ್ಕರೆ ಸಾಕಾ ಅಂತ..."

"ಸಾಕು. ಏನೋ ಹೇಳೋಕೆ ಬಂದಂಗಿದೆ?"

"ಇಲ್ಲ ಬ್ಲಿ."

ದಾರಿಯಲ್ಲಿ ರೇನಾ ಅಜ್ಜ ಸಿಕ್ಕಿದರು. ಒಂದು ವಾರದಿಂದ ಸಭಾಭವನದ ಕಡೆ ಬಂದಿಲ್ಲ. "ನನ್ನ ತೀರ್ಥಕ್ಕೆ ಅಷ್ಟು ಶಕ್ತಿ ಇದ್ದಿದ್ರೆ ಈ ಮಂಡಿನೋವು ಎಂದೋ ಹೋಗ್ತಿತ್ತು ಕಣೇ," ಎಂದರು. ನನ್ನನ್ನು ನಗಿಸಲು ಹೇಳಿದ್ದು. ಅವರ ಮುಖ ನಗಲಿಲ್ಲ.

ನಾಳೆ ಸಂಜೆ ಐದಕ್ಕೆ ಎಲ್ಲ ಅಳಿಸುತ್ತಾರೆ.

ಆಗಸ್ಟ್ 16, ಶುಕ್ರವಾರ

ಬೆಳಿಗ್ಗೆ ಮೊನ್ನೆಯ ಪುಟವನ್ನು ಬೇರೆ ಹಾಳೆಯಲ್ಲಿ ನಕಲು ಮಾಡಿದೆ. ಹೊತ್ತು, ನಿಮಿಷ, ಬಿಸಿ, ಇರುವೆ, ಬುಟ್ಟಿ. ಕಥೆಯ ಮಾತು ಮಾತ್ರ ಬಿಟ್ಟೆ. ಕೆಳಗೆ ಕೊಮಾಂಗ್ ಎಂದು ನನ್ನ ಹೆಸರೇ ಹಾಕಿದೆ. ಬ್ಲಿ ಬರುವ ಮೊದಲು ಅವರ ಕೀಬೋರ್ಡಿನ ಮೇಲಿಟ್ಟು ಅಡುಗೆಮನೆಯಲ್ಲಿ ನಿಂತೆ.

ಕುರ್ಚಿ ಎಳೆದ ಸದ್ದು. ಆಮೇಲೆ —

"ಮಾಂಗ್. ಬಾ ಇಲ್ಲಿ."

ಹೋದೆ.

"ಗಂಟೆ ಸಮೇತ ಬರೆದಿಟ್ಟಿದ್ದೀಯ. ಹತ್ತು ದಿನದಿಂದ ನಾನು ಒಳಗೆ ಹುಡುಕ್ತಿದ್ದೆ, ಹೊರಗೆ ಕೈ ಇಟ್ಟು ನೋಡಲಿಲ್ಲ. ಯಾಕೆ ಬಾಯಲ್ಲಿ ಹೇಳಲಿಲ್ಲ?"

ಸ್ಕ್ರೂಡ್ರೈವರ್ ತಂದು ಕೈಗಿಟ್ಟೆ.

ಬ್ಲಿ ಸ್ಕ್ರೂ ಬಿಚ್ಚಿ ಪೆಟ್ಟಿಗೆಯ ಮುಚ್ಚಳ ತೆಗೆದರು. ಫ್ಯಾನಿನ ಸುತ್ತ ಇರುವೆ, ಮೊಟ್ಟೆ, ಅಕ್ಕಿ ಕಾಳು. ರೆಕ್ಕೆ ತಿರುಗಲು ಜಾಗವೇ ಇರಲಿಲ್ಲ. ನೀರಿನ ಕಲೆ ಒಂದೂ ಇಲ್ಲ.

"ಒಳಗೆ ಊರೇ ಕಟ್ಕೊಂಡಿವೆ. ಇನ್ನೊಂದು ವಾರ ಬಿಟ್ಟಿದ್ರೆ ಪಂಚಾಯ್ತಿ ಕೂರಿಸ್ತಿದ್ವು," ಎಂದರು ಬ್ಲಿ.

"ತಪ್ಪು ನಂದು ಬ್ಲಿ. ಅಜ್ಜಂದಲ್ಲ." ಇಷ್ಟು ಬಾಯಲ್ಲೇ ಬಂತು.

"ಅಜ್ಜನ ಹತ್ರ ನಾನೇ ಹೋಗ್ತೀನಿ. ಆ ಮಾತು ಆಡಿದ್ದು ನಾನು." ಬಣ್ಣ ಹಚ್ಚುವ ಕುಂಚದಿಂದ ಗುಡಿಸತೊಡಗಿದರು. ನಾನು ಮೊರ ಹಿಡಿದೆ. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು, "ಅಲ್ಲಾ, ಈ ಪೆಟ್ಟಿಗೆಗೇ ಸಿಹಿ ಎಡೆ ಯಾಕೆ? ಒಲೆಗೂ ಇಡಲ್ವಲ್ಲ ನೀನು."

ಮೊರ ಎತ್ತಿಕೊಂಡೆ. ಇರುವೆಗಳನ್ನು ಹೊರಗೆ ಕಣಗಿಲೆ ಮರದ ಬುಡದಲ್ಲಿ ಸುರಿದು ಬಂದೆ. ಫಾರ್ಮ್ಯಾಟ್ ಇಲ್ಲ ಎಂದರು. ಮೊದಲು ಇವತ್ತೆಲ್ಲ ಆರಲಿ, ನಾಳೆ ನೋಡೋಣ ಎಂದರು.

ಸಂಜೆ ಅಜ್ಜ ಬಂದರು, ಬ್ಲಿಯ ಬೈಕಿನ ಹಿಂದೆ ಕೂತು. ಪೆಟ್ಟಿಗೆ ನೋಡಿ ನನಗೆ ಹೇಳಿದರು, "ದೇವರು ವಾಸನೆ ತಗೊಂಡು ಎದ್ದು ಹೋಗ್ತಾನೆ ಮಗಳೇ. ಎಲೆ ಎತ್ತೋದು ನಮ್ಮ ಕೆಲಸ."

ಆಗಸ್ಟ್ 17, ಶನಿವಾರ

6.00 — ಗುಂಡಿ ಒತ್ತಿದೆ. ಹಸಿರು ದೀಪ. ಫ್ಯಾನಿನ ಸದ್ದು ಇದೆ. ಗರಿಬುಟ್ಟಿ ಮೇಜಿನ ಮೇಲೆ, ಹೂವು ಮಾತ್ರ.

6.04 — ಪುಟ ತೆರೆಯಿತು. ಹದಿನಾರೂ ಇವೆ. ಎಣಿಸಿದೆ. ಮತ್ತೆ ಎಣಿಸಿದೆ.

6.20 — ಇದೆ.

6.45 — ಇದೆ. ಕೈ ಇಟ್ಟೆ. ತಣ್ಣಗಿದೆ.

7.10 — ಹದಿನೇಳನೆಯ ಕಂತು ಶುರು ಮಾಡಿದ್ದೆ. ಬಾಗಿಲಲ್ಲಿ ಬ್ಲಿ, ಬಾವುಟಕ್ಕೆಂದು ಬಿಳಿ ಅಂಗಿ. ಕೈಯಲ್ಲಿ ನನ್ನ ಹಾಳೆ.

"‘ಅವಸರವಿಲ್ಲ. ಮನೆಗೆ ಹೋಗುವವರ ಹಾಗೆ.’ ಇರುವೆ ಬಗ್ಗೆ ಹಿಂಗೆ ಬರೆಯೋರು ಈ ಸೈಟಲ್ಲಿ ಒಬ್ರೇ ಇರೋದು," ಎಂದರು. "ನಾನೂ ಪ್ರತಿ ವಾರ ಓದ್ತೀನಿ."

ಪರದೆ ಮುಚ್ಚಲು ಕೈ ಹೋಯಿತು. ಮುಚ್ಚಲಿಲ್ಲ.

"ದೋಣಿಯವಳು ದಡ ಸೇರ್ತಾಳಾ, ಮಾಂಗ್?"

7.15 — ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ. ಬರೆದದ್ದು ಸಾಕು, ಬಾಯಲ್ಲಿ ಹೇಳು ಅನ್ನುತ್ತಿದ್ದಾರೆ. ಪೆನ್ನು ಇಡುತ್ತಿದ್ದೇನೆ. "ಸೇರ್ತಾಳೆ ಬ್ಲಿ, ಆದ್ರೆ..."