ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ ಮಾವನಿಗೆ

ತೀರ್ಥರೂಪ ಸಮಾನರಾದ ಮಾವಾರಿಗೆ ನಿಮ್ಮ ಸೊಸೆ ವಿದ್ಯಾಳ ನಮಸ್ಕಾರ. ಇದರ ಮುಂದೆ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ ಎಂಬ ಸಾಲು ಬರಬೇಕು. ಮೊದಲ ಅರ್ಧ ಬರೆದರೆ ಸುಳ್ಳಾಗುತ್ತದೆ. ಎರಡನೆಯ ಅರ್ಧ ಬರೆಯಲು ಕೈ ಏಳುತ್ತಿಲ್ಲ.

ಬಿರುಗಾಳಿಗೆ ಕರೆಂಟು ಹೋದ, ಮೆಲ್ಬರ್ನಿನ ಚಳಿಗಾಲದ ಆ ಜೂನ್ ತಿಂಗಳು ನೆನಪಿದೆಯೇ? ಬೆಲ್‌ಗ್ರೇವ್‌ನ ನಮ್ಮ ಗುಡ್ಡದಲ್ಲಿ ನೀಲಗಿರಿ ಮರಗಳು ತಂತಿಯ ಮೇಲೆ ಅಡ್ಡಡ್ಡ ಬಿದ್ದು, ಗೋಡೆಯ ಹೀಟರ್ ಸತ್ತು ಕೂತಿತ್ತು. ಬಾಕ್ಸ್ ಹಿಲ್‌ನಲ್ಲಿ ಆಫೀಸು ಮುಗಿಸಿ, ಟ್ರೇನ್ ಇಳಿದು ನಡೆದು ಬಂದರೆ ಮನೆಯಲ್ಲಿ ನೀವಿಲ್ಲ. ಹೆದರಿ ಹೊರಗೆ ಓಡಿದೆ. ಅಂಗಳದಲ್ಲಿ ನಿಂತಿದ್ದ ಕಾರಿನೊಳಗೆ ಇಂಜಿನ್ ಚಾಲೂ ಇಟ್ಟು, ಮಫ್ಲರ್ ಸುತ್ತಿಕೊಂಡು, ಹೀಟರಿನ ಗಾಳಿಗೆ ಎರಡೂ ಅಂಗೈ ಒಡ್ಡಿ ಕೂತಿದ್ದಿರಿ. ನಾನು ಬಾಗಿಲು ತೆಗೆದಾಗ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ, "ನಿನ್ನ ಪೆಟ್ರೋಲ್ ಸುಟ್ಟೆ ನೋಡವಾ" ಎಂದಿರಿ. ಪಕ್ಕದ ಸೀಟಿನಲ್ಲಿ ನಾನೂ ಕೂತೆ.

ಮರುದಿನ ಕ್ಯಾಂಪಿಂಗ್ ಗ್ಯಾಸಿನ ಮೇಲೆ ಚಹಾ ಕಾಸುತ್ತಾ, "ಕಟಿಗಿ ಒಲಿ ಹಾಕಸೂಣ್ರಿ ಮಾವಾರ, ಕರೆಂಟ್ ಇರ್ಲಿ ಬಿಡ್ಲಿ ಉರೀತೈತಿ" ಎಂದೆ. ನೀವು ಕಪ್ಪನ್ನು ಕೆಳಗಿಟ್ಟಿರಿ. "ಬ್ಯಾಡ. ಒಲಿ ಮಾತು ಈ ಮನ್ಯಾಗ ಬ್ಯಾಡ." ಯಾಕೆಂದು ನಾನು ಕೇಳಬೇಕಿರಲಿಲ್ಲ. ಮದುವೆಯಾದ ಹೊಸದರಲ್ಲಿ, ಧಾರವಾಡದ ನಿಮ್ಮ ಖಾನಾವಳಿಯ ಹಿಂದಿನ ಕೋಣೆಯಲ್ಲಿ ಅತ್ತೆ ಕಟ್ಟಿಗೆ ಒಲೆಯ ಹೊಗೆಗೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು ರೊಟ್ಟಿ ಬಡಿಯುವುದನ್ನು ಕಂಡಿದ್ದೆ. ಆ ಕೋಣೆಗೆ ಅಂಗೈಯಷ್ಟು ಕಿಟಕಿ. ಬೀಡಿಯನ್ನೇ ಕಾಣದ ಹೆಂಗಸಿನ ಎದೆಯ ಎಕ್ಸ್‌ರೇ ನೋಡಿ ಡಾಕ್ಟರು, "ಎಷ್ಟು ವರ್ಷದಿಂದ ಸೇದ್ತಾರ ಇವ್ರು?" ಎಂದು ನಿಮ್ಮನ್ನೇ ಕೇಳಿದ್ದರಂತೆ. ಅತ್ತೆ ಹೋದ ಮೇಲೆ ನೀವು ಖಾನಾವಳಿ ಮುಚ್ಚಿ ಮೆಲ್ಬರ್ನ್‌ಗೆ, ನಮ್ಮ ಬಳಿಗೆ ಬಂದಿರಿ. ಆ ಪ್ರಶ್ನೆಯೂ ನಿಮ್ಮ ಜೊತೆಗೇ ಬಂತು, ಅಲ್ಲವೇ?

ಪ್ರಸನ್ನ ಇನ್ನು ಈ ಮನೆಗೆ ಬರುವುದಿಲ್ಲ ಎಂದು ತಿಳಿಸಿದ ದಿನವನ್ನು ನಾನು ಆಗಾಗ ನೆನೆಯುತ್ತೇನೆ. ಸಿಡ್ನಿಯ ಮ್ಯಾಕ್ವೆರಿ ಪಾರ್ಕ್‌ನಲ್ಲಿ ಕೆಲಸ ಹಿಡಿದ ನಿಮ್ಮ ಮಗ ಮೊದಮೊದಲು ವಾರಕ್ಕೊಮ್ಮೆ ಬರುತ್ತಿದ್ದ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಸಿಡ್ನಿಯಲ್ಲೇ ಮಾರ್ಸ್ಡನ್ ಪಾರ್ಕ್‌ನಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿದ. "ಅಪ್ಪಾ, ನೀವು ಪ್ಯಾಕ್ ಮಾಡ್ರಿ, ಟಿಕೆಟ್ ಬುಕ್ ಮಾಡ್ತೀನಿ" ಎಂದ ಫೋನಿನಲ್ಲಿ. ನಾನು ಅಡುಗೆಮನೆಯಲ್ಲೇ ನಿಂತು ಕೇಳುತ್ತಿದ್ದೆ. ನೀವು ಸಾವಕಾಶವಾಗಿ ಹೇಳಿದಿರಿ, "ನಾ ಇಲ್ಲೇ ಇರ್ತೀನಪಾ. ನೀನೂ ಬಿಟ್ಟಿ, ನಾನೂ ಬಿಟ್ರ, ಈ ದೇಶದಾಗ ಈಕಿಗೆ ಯಾರದಾರ?" ನಿಮ್ಮ ರಕ್ತ ಅವನು. ನಾನು ಯಾರ ಮನೆಯವಳೋ. ಆದರೂ ನೀವು...

ಜೂನ್ ಕಳೆದು, ಅದೇ ಚಳಿಗಾಲದಲ್ಲಿ ಎರಡನೆಯ ಸಲ ಕರೆಂಟು ಹೋದಾಗ ನಾನು ಉಪಾಯ ಮಾಡಿದೆ. "ನಿಮಗಲ್ರೀ, ನನಗ ಥಂಡಿ ತಡಿಯಾಕ ಆಗವಲ್ದು" ಎಂದೆ. ನೀವು ನನ್ನ ಮುಖ ನೋಡಿ, "ನೋಡಿ ಬರೂಣು ನಡಿ" ಎಂದಿರಿ. ಮುಂದಿನ ಶನಿವಾರ ರಿಂಗ್‌ವುಡ್‌ನ ಒಲೆ ಅಂಗಡಿಗೆ ಹೋದೆವು. ಸಾಲಾಗಿ ಕಪ್ಪು ಕಬ್ಬಿಣದ ಒಲೆಗಳು, ಒಂದೊಂದರ ಮುಂದೂ ಗಾಜಿನ ಬಾಗಿಲು, ನೆತ್ತಿಯಿಂದ ಛಾವಣಿಗೆ ಏರಿದ ಕೊಳವೆ. "ಇದು ಒಲಿ ಅಲ್ಲ ಬಿಡು, ಬೀಗರ ಮನಿ ತಿಜೋರಿ ಇದ್ದಂಗೈತಿ" ಎಂದಿರಿ. ಅಂಗಡಿಯವನು ನಕ್ಕ, ಒಂದು ಅಕ್ಷರವೂ ತಿಳಿಯದೆ. ಅವನಿಗೆ ನೀವು ಕೇಳಿಸಿದ್ದು ಒಂದೇ ಪ್ರಶ್ನೆ. "ಹೊಗಿ ಎಲ್ಲಿಗೆ ಹೋಗತೈತಿ ಕೇಳು."

ಅವನು ಕೊಳವೆ ತೋರಿಸಿ, ಸೂರಿನ ಮೇಲೆ ಹೋಗುತ್ತದೆ, ಮನೆಯೊಳಗೆ ಬರುವುದಿಲ್ಲ ಎಂದ. ನನಗೆ ಅಷ್ಟು ಸಾಕಾಗಿತ್ತು. ಅಗಲ ಗಾಜಿನ ದೊಡ್ಡ ಒಲೆಯೊಂದರ ಮುಂದೆ ಆಗಲೇ ಮನಸ್ಸಿನಲ್ಲೇ ಕುರ್ಚಿ ಎಳೆದುಕೊಂಡಿದ್ದೆ. ಅಂಗಡಿಯವನು ನಮ್ಮ ಪಡಸಾಲೆಯ ಅಳತೆ ಕೇಳಿ ಬೇಡವೆಂದು ತಲೆಯಾಡಿಸಿದ. ಸಣ್ಣ ಕೋಣೆಗೆ ದೊಡ್ಡ ಒಲೆ ಇಟ್ಟರೆ ಸೆಕೆ ತಾಳಲಾರದೆ ನೀವು ಒಲೆಯ ಗಾಳಿಯ ಕಿಂಡಿ ಮುಚ್ಚುತ್ತೀರಿ, ಆಗ ಕಟ್ಟಿಗೆ ಉರಿಯದೆ ಒಳಗೇ ಕಮರುತ್ತದೆ, ಹೊಗೆ ಹೆಚ್ಚುವುದೇ ಹಾಗೆ ಎಂದ. ಅದನ್ನು ಕನ್ನಡದಲ್ಲಿ ಹೇಳಿದಾಗ ನೀವು ದೊಡ್ಡದರಿಂದ ಮುಖ ತಿರುಗಿಸಿದಿರಿ. "ಸಣ್ಣದ ತೊಗೋ. ಉರದರ ಪೂರಾ ಉರೀಬೇಕು." ಆದರೂ ಆ ದಿನ ಕೊಳ್ಳಲು ಬಿಡಲಿಲ್ಲ. "ಸೂರಿನ ಮ್ಯಾಲೆ ಹ್ವಾದದ್ದು ಅಲ್ಲೇ ನಿಂದರತೈತೇನು? ಬಾಜೂ ಮನ್ಯಾಗ ಕೂಸೈತಿ."

ಆ ಸಂಜೆಯೇ ನನ್ನನ್ನು ಕರೆದುಕೊಂಡು ಪಕ್ಕದ ಮನೆಯ ಜೆನ್‌ಳ ಬಾಗಿಲಿಗೆ ಹೋದಿರಿ. ಅವಳ ಪುಟ್ಟ ಮಗಳಿಗೆ ಆಸ್ತಮಾ. ಹೊಗೆ ಮುಸುಕಿದ ದಿನಗಳಲ್ಲಿ ಆ ಮಗು ಇನ್‌ಹೇಲರ್ ಪಂಪಿಗೆ ಬಾಯಿ ಹಚ್ಚಿ ವರಾಂಡದಲ್ಲಿ ಕೂತಿರುವುದನ್ನು ನೀವು ನೋಡುತ್ತಿದ್ದಿರಿ. ನನಗೆ ಸಂಕೋಚ. ನಮ್ಮ ಮನೆಯಲ್ಲಿ ನಾವು ಒಲೆ ಹಾಕಿಸಿಕೊಳ್ಳಲು ಇನ್ನೊಬ್ಬರ ಅಪ್ಪಣೆಯೇ? ಆದರೆ ನೀವು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದಿರಿ. ಈ ಗುಡ್ಡದಲ್ಲಿ ಎಷ್ಟೋ ಮಂದಿ ಹಸಿ ಕಟ್ಟಿಗೆ ಸುಡುತ್ತಾರೆ, ಇದುವರೆಗೆ ಒಬ್ಬರೂ ಬಂದು ಕೇಳಿಲ್ಲ ಎಂದಳು ಜೆನ್. ಒಣಗಿದ್ದು ಮಾತ್ರ ಹಾಕಿ, ನನ್ನ ಮಗಳು ಕೆಮ್ಮಿದರೆ ನಾನು ಬಂದು ನಿಮ್ಮ ಬಾಗಿಲು ಬಡಿಯುತ್ತೇನೆ ಎಂದಳು. ನಾನು ಅದನ್ನು ಮೆತ್ತಗೆ ಮಾಡಿ ಹೇಳಲು ಹೊರಟರೆ ನಿಮಗೆ ಅರ್ಥವಾಗಿಬಿಟ್ಟಿತ್ತು. "ಬಡೀಲಿ. ಬಡೀಬೇಕು. ಖಾನಾವಳಿ ಬಾಗಲಾ ಯಾರೂ ಬಡೀಲಿಲ್ಲ."

ಒಲೆಯನ್ನು ಆರ್ಡರ್ ಮಾಡಿದ ದಿನ ನೀವು ಎರಡು ರೊಟ್ಟಿ ಹೆಚ್ಚಿಗೆ ಉಂಡಿರಿ. ಆದರೆ ಚಳಿಗಾಲವಲ್ಲವೇ, ಒಲೆ ಕೂರಿಸುವವರಿಗೆ ಬಿಡುವಿರಲಿಲ್ಲ. ಆಗಸ್ಟ್ ಮುಗಿಯಲಿ ಎಂದರು. ಅಷ್ಟರಲ್ಲಿ ನಿಮಗೆ ಕೆಮ್ಮು ಹತ್ತಿತು. ಪ್ರಸನ್ನ ತಾನೇ ವಿಮಾನ ಹತ್ತಿ ಬಂದ. "ವಿದ್ಯಾ, ಡಕ್ಟೆಡ್ ಹೀಟಿಂಗ್ ಐತಿ ನಮ್ಮಲ್ಲಿ, ಮನಿತುಂಬ ಬೆಚ್ಚಗಿರ್ತದ. ನಿನ್ನ ಒಲಿ ಬರೂ ತನಕ ಅಪ್ಪ ಅಲ್ಲೇ ಇರ್ಲಿ" ಎಂದ. ಬೇಡ ಎನ್ನಲು ನನ್ನ ಬಳಿ ಏನಿತ್ತು? ನಿಮ್ಮ ಸ್ವೆಟರುಗಳನ್ನು ನಾನೇ ಮಡಿಸಿ ಚೀಲಕ್ಕೆ ತುಂಬಿದೆ. ಏರ್‌ಪೋರ್ಟಿನಲ್ಲಿ ನೀವು ತಿರುಗಿ ನಿಂತು, "ಒಲಿ ಬಂದ್ರ ಹಚ್ಚಬ್ಯಾಡ, ನಾ ಬರ್ತೀನಿ" ಎಂದಿರಿ. ಅದು ನೀವು ನನ್ನೆದುರು ಆಡಿದ ಕೊನೆಯ ಮಾತು.

ಪ್ರಸನ್ನನ ಫೋನ್ ಬಂದಾಗ ನಾನು ಆಫೀಸಿನ ಲಿಫ್ಟಿನಲ್ಲಿದ್ದೆ. ನ್ಯುಮೋನಿಯಾ ಎಂದ, ಐಸಿಯು ಎಂದ. ಸಿಡ್ನಿಯಲ್ಲಿ ಇಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಂತ್ಯಕ್ರಿಯೆಯ ಸಭಾಂಗಣದಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತೆ. ಬಂದವರಲ್ಲಿ ಹೆಚ್ಚಿನವರು ನನ್ನನ್ನು ಗುರುತಿಸದವರು. ಗುರುತಿಸಿದವರು ನೆಲ ನೋಡಿದರು. ಪೂಜೆ ಮಾಡಿಸುವವರು "ಮಗ ಬಂದ್ರಾ? ಸೊಸೆ ಯಾರು, ಮುಂದೆ ಬನ್ನಿ" ಎಂದು ಕರೆದರು. ಯಾರೂ ಮಿಸುಕಲಿಲ್ಲ, ಮಾವಾರ. ಪ್ರಸನ್ನನ ಪಕ್ಕದಲ್ಲಿದ್ದಾಕೆ ಒಂದು ಹೆಜ್ಜೆ ಹಿಂದೆ ಸರಿದಳು. ಆಗ ಅವನು, ತಿರುಗಿ ನೋಡದೆಯೇ, "ವಿದ್ಯಾ, ನೀ ಬಾ" ಎಂದ. ಬಂದೆ. ನಿಮ್ಮ ಅಂಗೈ ಮುಟ್ಟಿದೆ. ನಾನು ಜೀವಮಾನದಲ್ಲಿ ಅಷ್ಟು ತಣ್ಣಗಿನದನ್ನು...

ಒಲೆ ಕೂರಿಸಲು ಇಬ್ಬರು ಬಂದಾಗ ಅಂಗಳದಲ್ಲಿ ವಾಟಲ್ ಮರ ಹಳದಿಯಾಗಿ ಅರಳಿತ್ತು. ವಾಪಸು ಕಳಿಸಿಬಿಡಲೇ ಎಂದು ಬಾಗಿಲಲ್ಲೇ ನಿಂತು ಯೋಚಿಸಿದೆ. ಸೂರು ಕೊರೆದು ಕೊಳವೆ ಏರಿಸಿ ಅವರು ಹೋದರು. ಹೋಗುವಾಗ, ಮೊದಲ ಬೆಂಕಿಗೆ ಬಣ್ಣ ಸುಟ್ಟ ವಾಸನೆ ಬರುತ್ತದೆ, ಕಿಟಕಿಯನ್ನೆಲ್ಲ ತೆರೆದಿಡಿ ಎಂದರು. ಹಾಗೇ ಮಾಡಿದೆ. ನಿಮ್ಮ ಮಾತು ಮೀರಿ, ನೀವಿಲ್ಲದೆ ಹಚ್ಚಿದೆ. ಎಲ್ಲ ಕಿಟಕಿ ತೆರೆದಿದ್ದರಿಂದ ಬೆಂಕಿಯ ಮುಂದೆಯೂ ಚಳಿಯೇ. ಕೋಟು ಹಾಕಿಕೊಂಡು ಕೂತು, ಅದು ಉರಿದು ಮುಗಿಯುವವರೆಗೆ ಅಳುತ್ತಿದ್ದೆ.

ಈ ವರ್ಷದ ಚಳಿಗಾಲದಲ್ಲಿ ಒಂದು ಸಂಜೆ ಜೆನ್ ಬಾಗಿಲು ಬಡಿದಳು. ಮಗು ಕೆಮ್ಮಿತೇ ಎಂದು ಕೇಳಿದೆ. ಇಲ್ಲ, ನಿನ್ನ ಚಿಮಣಿಯಲ್ಲಿ ಹೊಗೆಯೇ ಕಾಣುವುದಿಲ್ಲ, ಒಬ್ಬಳೇ ಚಳಿಯಲ್ಲಿ ಕೂತಿದ್ದೀಯೇನೋ ಎಂದು ನೋಡಲು ಬಂದೆ ಎಂದಳು. ಒಳಗೆ ಕರೆದು ತೋರಿಸಿದೆ. ಉರಿಯುತ್ತಿತ್ತು ಮಾವಾರ, ಪೂರಾ ಉರಿಯುತ್ತಿತ್ತು. ಅದನ್ನು ನಿಮಗೆ ಆ ಕ್ಷಣಕ್ಕೇ ಹೇಳಬೇಕೆನಿಸಿತು. ಯಾರಿಗೆ ಫೋನ್ ಮಾಡಲಿ?

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಡೈವೋರ್ಸ್ ಆಯಿತು, ಮನೆ ಮಾರಿದೆವು. ಪ್ರಸನ್ನ ಜಗಳವಾಡಲಿಲ್ಲ, ನಾನೂ ಆಡಲಿಲ್ಲ. ಒಬ್ಬಳ ಸಂಬಳದಲ್ಲಿ ಈ ಮನೆಯ ಮಾರ್ಟ್‌ಗೇಜ್ ಕಂತು ನಡೆಯುವುದಿಲ್ಲ, ಅಷ್ಟೆ. ಕೊಂಡವರು ನಿವೃತ್ತ ಗಂಡ ಹೆಂಡತಿ. ಆ ಹೆಂಗಸು ಮನೆ ನೋಡಲು ಬಂದಾಗ ಬೇರೆ ಯಾವ ಕೋಣೆಗೂ ಹೋಗದೆ ನೇರ ಒಲೆಯ ಮುಂದೆ ಕೂತುಬಿಟ್ಟಳು. ಇದನ್ನು ಆರಿಸಿದ್ದು ಯಾರು ಎಂದು ಕೇಳಿದಳು. ನನ್ನ ಮಾವ ಎಂದೆ. ಕಟ್ಟಿಗೆ ಒಣಗಿರಬೇಕು, ಗಾಳಿಯ ಕಿಂಡಿ ಪೂರ್ತಿ ಮುಚ್ಚಬಾರದು, ಪಕ್ಕದ ಮನೆಯಲ್ಲಿ ಉಬ್ಬಸದ ಮಗುವಿದೆ ಎಂದು ಎರಡೆರಡು ಸಲ ಹೇಳಿದೆ. ಕೇಳಿಸಿಕೊಂಡಳು. ನಡೆಸುತ್ತಾಳೋ ಇಲ್ಲವೋ.

ನಾನು ಬಾಕ್ಸ್ ಹಿಲ್‌ನಲ್ಲಿ, ಆಫೀಸಿನ ಹತ್ತಿರವೇ, ಒಂದು ಫ್ಲ್ಯಾಟ್ ರೆಂಟಿಗೆ ಹಿಡಿದಿದ್ದೇನೆ. ಎತ್ತರದ ಕಟ್ಟಡ. ಒಲೆಗಿಲೆ ಇಡುವಂತಿಲ್ಲ. ಕೆಳಗೂ ಮೇಲೂ ಜನ ಇರುವುದರಿಂದ ಹೀಟರ್ ಹಾಕದಿದ್ದರೂ ಬೆಚ್ಚಗಿರುತ್ತದೆ ಎಂದು ಏಜೆಂಟ್ ಹೇಳಿದ. ಇರಬಹುದು. ಒಂದೇ ಬೆಡ್‌ರೂಮು. ಖಾಲಿ ಮಾಡಲಿರುವ ಈ ಬೆಲ್‌ಗ್ರೇವ್ ಮನೆಯಲ್ಲಿ ನಿಮ್ಮ ಕೋಣೆಯ ಬಾಗಿಲನ್ನು ನಾನು ಇನ್ನೂ ದಿನಾ ಬೆಳಿಗ್ಗೆ ತೆರೆಯುತ್ತೇನೆ, ಗಾಳಿಯಾಡಲಿ ಎಂದು. ಆ ಫ್ಲ್ಯಾಟಿನಲ್ಲಿ ನಿಮ್ಮ ಕೋಣೆ ಎಂಬುದೇ ಇರುವುದಿಲ್ಲ, ಮಾವಾರ.

ವಿದ್ಯಾ