ದಾರದ ಗಂಟಿಲ್ಲದೆ ಹೋದ ಮೂರು ತುಣುಕು

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನಿಮ್ಮ ಅಧೀನದ ಆಸ್ಪತ್ರೆಯೊಂದರಲ್ಲಿ ಬರುವ ಸೋಮವಾರ ನನ್ನ ತಂಗಿ ಸೌಂದರ್ಯಾಳ ಗರ್ಭಕೋಶ ತೆಗೆಯಲಿದ್ದಾರೆ. ಅವಳಿಗೆ ಇಪ್ಪತ್ತೊಂಬತ್ತು ವರ್ಷ, ಮಕ್ಕಳಿಲ್ಲ. ಕ್ಯಾನ್ಸರ್ ಇದೆ ಎಂದು ಯಾರೂ ಹೇಳಿಲ್ಲ. ಮತ್ತೇಕೆ ತೆಗೆಯುತ್ತಾರೆ? ಕಳೆದ ತಿಂಗಳು ಮಾಡಿದ ಚಿಕ್ಕ ಶಸ್ತ್ರಚಿಕಿತ್ಸೆ ಸರಿಯಾಯಿತೋ ಇಲ್ಲವೋ ಮಾಡಿದವರಿಗೇ ಗೊತ್ತಿಲ್ಲವಂತೆ, ಅದಕ್ಕೆ.

ಗರ್ಭಕಂಠದಲ್ಲಿ ಮುಂದೆ ಕ್ಯಾನ್ಸರ್ ಆಗಬಹುದಾದ ಭಾಗವಿದೆ, ಅಷ್ಟನ್ನೇ ಬಿಸಿ ತಂತಿಯಿಂದ ಕತ್ತರಿಸಿದರೆ ಸಾಕು ಎಂದಿದ್ದರು. ಒಪ್ಪಿದೆವು. ಎಲ್ಲಿಯವರೆಗೆ ಕತ್ತರಿಸಬೇಕೆಂದು ದೊಡ್ಡದಾಗಿ ತೋರಿಸುವ ಕಾಲ್ಪೊಸ್ಕೋಪ್ ಎಂಬ ಯಂತ್ರ ಆ ಆಸ್ಪತ್ರೆಯಲ್ಲಿದೆ. ಅದರ ಉದ್ಘಾಟನೆಯ ಫೋಟೊದಲ್ಲಿ ತಾವೂ ನಗುತ್ತ ನಿಂತಿದ್ದೀರಿ. ಬಳಸಬಲ್ಲವರನ್ನು ವರ್ಗ ಮಾಡಿದ ಮೇಲೆ ಅದು ಮುಸುಕು ಹೊದ್ದು ಕೂತಿದೆ. ಬರಿಗಣ್ಣಿನ ಅಂದಾಜಿನಲ್ಲಿ ಮೂರು ತುಣುಕಾಗಿ ಕತ್ತರಿಸಿ, ಮೂರನ್ನೂ ಒಂದೇ ಬಾಟಲಿಗೆ ಹಾಕಿ ಲ್ಯಾಬಿಗೆ ಕಳಿಸಿದರು.

ವರದಿ ಬಂತು: ‘ಅಂಚು ನಿರ್ಧರಿಸಲು ಸಾಧ್ಯವಿಲ್ಲ.’ ಕತ್ತರಿಸಿದ ತುಣುಕಿನ ಅಂಚು ಶುದ್ಧವಾಗಿದ್ದರೆ ಕೆಟ್ಟ ಭಾಗ ಪೂರ್ತಿ ಹೊರಬಂದಿದೆ ಎಂದರ್ಥ. ಲ್ಯಾಬಿನ ಡಾಕ್ಟರ್ ವೃಂದಾ ಅವರನ್ನೇ ಹೋಗಿ ಕೇಳಿದೆ. ಪಾಪ, ಅವರು ಮುಚ್ಚಿಡಲಿಲ್ಲ.

“ಅಕ್ಕಾರ, ಇದ್ರಾಗ ಮ್ಯಾಲಿಂದ ಯಾವ್ದು, ಕೆಳಗಿಂದ ಯಾವ್ದು, ನಾ ಹ್ಯಾಂಗ ಹೇಳ್ಲಿ? ಒಂದ ತುಣುಕಾಗಿ ತಗದು, ಮ್ಯಾಲಿನ ತುದಿಗೆ ಒಂದ ದಾರದ ಗಂಟು ಹಾಕಿ ಕಳಸಿದ್ರ ಸಾಕಿತ್ರಿ.”

ನಾನು ಉಣಕಲ್ಲಿನಲ್ಲಿ ರವಿಕೆ ಹೊಲಿಯುವವಳು. ಇಪ್ಪತ್ತು ವರ್ಷದಲ್ಲಿ ಒಂದು ತೋಳನ್ನೂ ಗುರುತು ಹಾಕದೆ ಕತ್ತರಿಸಿಲ್ಲ. ಕತ್ತರಿಸಿದರೆ ಗಿರಾಕಿಗಳು ಬೀದಿಯಲ್ಲಿ ನಿಲ್ಲಿಸಿ ಮಾನ ಕಳೆಯುತ್ತಾರೆ. ನಿಮ್ಮಲ್ಲಿ ಕೆಡಿಸಿದವರನ್ನು ಕೇಳುವವರಿಲ್ಲ, ಉಳಿದ ಬಟ್ಟೆಯನ್ನೂ ಕೊಟ್ಟುಬಿಡು ಎನ್ನುತ್ತೀರಿ.

ಆರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿ ನೋಡಬಹುದೆಂದೂ ವೃಂದಾ ಅವರು ಹೇಳಿದ್ದರು. ಆಸ್ಪತ್ರೆಯ ವೈದ್ಯರಿಗೆ ಹಾಗೆಂದರೆ, “ನೀವೇನ್ ತಿರುಗಿ ಬರ್ತೀರೇನ್ರಿ? ತಗಸಿಬಿಡ್ರಿ, ಕಾಳಜಿ ಇರೂದಿಲ್ಲ” ಎಂದರು. ಯಾರ ಕಾಳಜಿ, ಸ್ವಾಮಿ?

ಸೋಮವಾರದ್ದನ್ನು ನಿಲ್ಲಿಸಿ. ಆ ಯಂತ್ರ ಬಲ್ಲ ವೈದ್ಯರಿಂದ ತಂಗಿಯನ್ನು ಮತ್ತೊಮ್ಮೆ ನೋಡಿಸಿ. ಇನ್ನು ಮುಂದೆ ಯಾವ ಹೆಣ್ಣಿಗೂ ಯಂತ್ರದಲ್ಲಿ ನೋಡದೆ, ಗುರುತಿಲ್ಲದೆ ಕತ್ತರಿಸಬಾರದೆಂದು ಲಿಖಿತ ಆದೇಶ ಹೊರಡಿಸಿ. ನನಗೆ ಭಯವಾಗಿದೆ. ಜಗಳವಾಡುವ ಶಕ್ತಿ ಮುಗಿದಿದೆ, ಬೇಡಿಕೊಳ್ಳುತ್ತಿದ್ದೇನೆ.

ನಿನ್ನೆ ಸೌಂದರ್ಯಾ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು. “ಅಕ್ಕಾ, ಅವ್ರು ಕಲತವ್ರು. ಬ್ಯಾಡಾಗಿದ್ರ ತಗೀತಾರೇನ?” ಎಂದಳು. ಭಾನುವಾರದೊಳಗೆ ಅದಕ್ಕೆ ನೀವೇ ಉತ್ತರ ಹೇಳಿ.

ಇಂತಿ,
ಸಹಿ ಹಾಕುವಾಗ ತಂಗಿಯ ಕೈ ಹಿಡಿದು ತಡೆಯದ ಅಕ್ಕ,
ದಾಕ್ಷಾಯಿಣಿ
ಉಣಕಲ್, ಹುಬ್ಬಳ್ಳಿ